ಎಕರೆಗೊಂದು ಚೀಲ: ಆಸ್ಟ್ರೇಲಿಯಾದ ಗೋಧಿ ಹೊಲಗಳು ಸರಾಸರಿಯನ್ನು ಬಿಟ್ಟ ಕಥೆ

ಇವತ್ತಿನ ಸಂಚಿಕೆ ಗೊಬ್ಬರದ ಬಗ್ಗೆ. ಹೌದು, ಗೊಬ್ಬರ. ಬೆರಳು ಆಗಲೇ ಸ್ಕಿಪ್ ಬಟನ್ ಹತ್ತಿರ ಹೋಗಿದ್ದರೆ ಎರಡು ನಿಮಿಷ ಕೊಡಿ. ಇದರಲ್ಲಿ ಒಂದು ದ್ವೀಪ ಕರಗಿಹೋದ ಕಥೆ ಇದೆ, ಉಪಗ್ರಹ ಇದೆ, ಮತ್ತೆ ನಾನು ಮಾಡಿದ ಒಂದು ದಡ್ಡತನ ಇದೆ. ದಡ್ಡತನದಿಂದಲೇ ಶುರು ಮಾಡ್ತೀನಿ.

ನಾನು ಬಿಕಾಂ ಮುಗಿಸಿದ ವರ್ಷ. ಧಾರವಾಡದ ಕಡೆ ನಮ್ಮ ಕಾಕಾಂದು ನಾಲ್ಕು ಎಕರೆ ಎರೆ ಹೊಲ, ಬೋರ್ ನೀರಿನ ಗೋಧಿ. ಕಾಕಾ ಯೂರಿಯಾ ಎರಚೋದನ್ನ ನೋಡಿ ನನಗೆ ತಲೆ ಕೆಟ್ಟಿತ್ತು. ಒಂದು ಕಡೆ ಎರಡು ಮುಷ್ಟಿ, ಇನ್ನೊಂದು ಕಡೆ ಅರ್ಧ, ಮೂಲೆಯಲ್ಲಿ ಸುಮ್ಮನೆ ನಡೆದು ಹೋಗ್ತಿದ್ದರು. ಲೆಕ್ಕ ಇಲ್ಲ, ಬರಹ ಇಲ್ಲ. ನಾನು ಎಕ್ಸೆಲ್ ಶೀಟ್ ತೆಗೆದೆ. ನಾಲ್ಕು ಎಕರೆ, ನಾಲ್ಕು ಚೀಲ, ಎಕರೆಗೊಂದು ಚೀಲ, ಎಲ್ಲ ಕಡೆ ಸಮ. "ಕಾಕಾ, ಈ ಸಲ ಹಿಂಗ ಹಾಕ್ರಿ" ಅಂದೆ. ಓದಿದ ಹುಡುಗ ಹೇಳ್ತಾನಲ್ಲ, ಅವರು ಹಾಗೇ ಹಾಕಿದರು.

ಏನಾಯ್ತು? ಹಳ್ಳದ ಬದಿಯ ಫಲವತ್ತಾದ ಪಟ್ಟಿಯಲ್ಲಿ ಬೆಳೆ ಸೊಂಪಾಗಿ ಎದ್ದು, ತೆನೆ ಬಂದ ಮೇಲೆ ಗಾಳಿಗೆ ಅಡ್ಡ ಬಿತ್ತು. ಮೇಲಿನ ಸವಳು ಮೂಲೆಯಲ್ಲಿ ಗೊಬ್ಬರ ಹಾಕಿದ್ದೇ ಗೊತ್ತಾಗಲಿಲ್ಲ. ಕಾಕಾ ಬೈಯಲಿಲ್ಲ. "ತಮ್ಮಾ, ಆ ಮೂಲ್ಯಾಗ ಎಷ್ಟ ಹಾಕಿದ್ರೂ ಅಷ್ಟ ಬರ್ತದ. ಅದಕ್ಕ ನಾ ಹಾಕ್ತಿದ್ದಿಲ್ಲ" ಅಂದರು. ಅಷ್ಟೇ.

ಅವರ ಕೈಗೆ ಗೊತ್ತಿದ್ದದ್ದು ನನ್ನ ಶೀಟಿಗೆ ಗೊತ್ತಿರಲಿಲ್ಲ. ಆಮೇಲೆ ಇದರ ಬಗ್ಗೆ ಓದೋಕೆ ಕೂತಾಗ ಒಂದು ವಿಷಯ ಗೊತ್ತಾಯ್ತು. ನಾನು ನಾಲ್ಕು ಎಕರೆಯಲ್ಲಿ ಮಾಡಿದ ತಪ್ಪನ್ನ ಒಂದು ಇಡೀ ದೇಶ ಲಕ್ಷಾಂತರ ಎಕರೆಯಲ್ಲಿ, ನೂರು ವರ್ಷ ಮಾಡಿತ್ತು. ಆಮೇಲೆ ಅದನ್ನ ತಿದ್ದಿಕೊಳ್ಳೋಕೆ ಉಪಗ್ರಹಗಳನ್ನೇ ಬಳಸಿಕೊಂಡಿತು. ಆ ದೇಶ ಆಸ್ಟ್ರೇಲಿಯಾ. ಆ ತಿದ್ದುಪಡಿಯ ಹೆಸರು ವೇರಿಯಬಲ್ ರೇಟ್, ಅಂದರೆ ಹೊಲದ ಜಾಗ ನೋಡಿ ಗೊಬ್ಬರದ ಪ್ರಮಾಣ ಬದಲಾಯಿಸೋದು.

ಮುಗಿಯದ ಹೊಲ, ಖಾಲಿ ಮಣ್ಣು

ಮೊದಲು ಜಾಗ ಕಣ್ಣ ಮುಂದೆ ತಂದುಕೊಳ್ಳಿ. ಆಸ್ಟ್ರೇಲಿಯಾದ ಪಶ್ಚಿಮ ತುದಿ, ಪರ್ತ್ ನಗರದ ಒಳಭಾಗ. ಉತ್ತರದ ಜೆರಾಲ್ಡ್‌ಟನ್ ಕಡೆಯಿಂದ ದಕ್ಷಿಣದ ಎಸ್ಪೆರೆನ್ಸ್‌ವರೆಗೆ ಕಮಾನಿನಂತೆ ಹಬ್ಬಿರೋ ಗೋಧಿ ಪ್ರದೇಶ ಇದು, ಹೆಸರೇ ವೀಟ್‌ಬೆಲ್ಟ್. ಇಲ್ಲಿ ಒಂದು ಕುಟುಂಬದ ಜಮೀನು ಸಾವಿರಾರು ಹೆಕ್ಟೇರ್. ಅವರು ಪ್ಯಾಡಕ್ ಅನ್ನೋ ಒಂದೊಂದು ಹೊಲವೇ ನೂರು ಹೆಕ್ಟೇರ್ ಇರಬಹುದು, ನಮ್ಮ ಲೆಕ್ಕದಲ್ಲಿ 247 ಎಕರೆ. ನೀರಾವರಿ ಇಲ್ಲ. ಮೇ ಹೊತ್ತಿಗೆ ಬಿತ್ತನೆ, ಚಳಿಗಾಲದ ಮಳೆಯೇ ಗತಿ, ವರ್ಷದ ಕೊನೆಗೆ ಕಟಾವು. ಇಷ್ಟು ಅಗಲದ ಮಳೆಯಾಶ್ರಿತ ಬೇಸಾಯಕ್ಕೆ ಅಲ್ಲಿನವರು ಬ್ರಾಡ್‌ಏಕರ್ ಅಂತಾರೆ. ಇಳುವರಿ ದೊಡ್ಡದೇನಲ್ಲ, ಹೆಕ್ಟೇರಿಗೆ ಸರಾಸರಿ ಎರಡು ಟನ್ ಆಸುಪಾಸು. ದುಡ್ಡು ಬರೋದು ಅಗಲದಿಂದ, ಆಳದಿಂದ ಅಲ್ಲ.

ಕೆಳಗಿರೋ ಬಂಡೆಗಳು ಭೂಮಿಯ ಅತಿ ಹಳೆಯ ಬಂಡೆಗಳ ಸಾಲಿಗೆ ಸೇರಿದವು, 250 ಕೋಟಿ ವರ್ಷಕ್ಕೂ ಹಿಂದಿನವು. ನಮ್ಮ ಧಾರವಾಡದ ಹೆಸರು ಹೊತ್ತ ಶಿಲಾಪ್ರದೇಶವೂ ಅಂಥದ್ದೇ ಕಾಲದ್ದು. ಆದರೆ ಅಲ್ಲಿನ ಮಣ್ಣು ಯುಗಯುಗಗಳಿಂದ ಮಳೆಗೆ ತೊಳೆದು ತೊಳೆದು ಸಾರ ಕಳೆದುಕೊಂಡಿದೆ. ಒಂದೇ ಪ್ಯಾಡಕ್‌ನಲ್ಲಿ ಒಂದು ಕಡೆ ಆಳವಾದ ಬಿಳಿ ಮರಳು, ಪಕ್ಕದಲ್ಲೇ ಗರಸು, ಇಳಿಜಾರಿನ ಕೆಳಗೆ ಜಿಗುಟು ಮಣ್ಣು, ತಗ್ಗಿನಲ್ಲಿ ಉಪ್ಪು. ಎಲ್ಲ ಒಂದೇ ಬೇಲಿಯ ಒಳಗೆ.

ಬಂದ ವಲಸಿಗರಿಗೆ ಈ ವ್ಯತ್ಯಾಸ ಕಾಣಲಿಲ್ಲ ಅಂತಲ್ಲ. ಆದರೆ ಅವರ ಮುಂದೆ ಇನ್ನೂ ದೊಡ್ಡ ಸಮಸ್ಯೆ ಇತ್ತು: ಎಲ್ಲ ಕಡೆಯೂ ರಂಜಕ ಇಲ್ಲ. ಫಾಸ್ಫರಸ್ ಅಂತೀವಲ್ಲ, ಅದು. ಪರಿಹಾರ ಇಂಗ್ಲೆಂಡಿನಿಂದ ಬಂತು. ಜಾನ್ ಬೆನೆಟ್ ಲಾಸ್ ಅನ್ನೋ ಜಮೀನ್ದಾರ 1842ರಲ್ಲಿ ಸೂಪರ್‌ಫಾಸ್ಫೇಟ್ ತಯಾರಿಕೆಗೆ ಪೇಟೆಂಟ್ ಪಡೆದಿದ್ದ. ರಂಜಕದ ಕಲ್ಲಿಗೋ ಮೂಳೆಗೋ ಗಂಧಕದ ಆಮ್ಲ ಹಾಕಿದರೆ ಗಿಡ ಹೀರಿಕೊಳ್ಳಬಲ್ಲ ಗೊಬ್ಬರ ಸಿಗುತ್ತೆ. 1880ರ ದಶಕದಲ್ಲಿ ದಕ್ಷಿಣ ಆಸ್ಟ್ರೇಲಿಯಾದ ರೋಸ್‌ವರ್ದಿ ಕೃಷಿ ಕಾಲೇಜಿನ ಮೊದಲ ಪ್ರಾಂಶುಪಾಲ ಜಾನ್ ಕಸ್ಟನ್ಸ್, ಸೊರಗಿಹೋಗ್ತಿದ್ದ ಗೋಧಿ ಹೊಲಗಳಿಗೆ ಇದೇ ಮದ್ದು ಅಂತ ತೋರಿಸಿದರು. ಬೀಜದ ಜೊತೆಗೇ ಗೊಬ್ಬರ ಉದುರಿಸೋ ಕೂರಿಗೆ ಯಂತ್ರಗಳು ಬಂದವು. ಒಂದು ಗೇರ್, ಒಂದು ಅಳತೆ. ಒಮ್ಮೆ ಸೆಟ್ ಮಾಡಿದರೆ ಇಡೀ ಹೊಲಕ್ಕೆ ಅದೇ. ರೈತರ ಬಾಯಲ್ಲಿ ಅದರ ಹೆಸರು ಬರೀ "ಸೂಪರ್".

ನೋಡಿ, ಇಲ್ಲಿ ಕೈ ಹೋಯ್ತು, ಗೇರ್ ಬಂತು. ಸರಾಸರಿ ಹುಟ್ಟಿದ್ದು ಇಲ್ಲೇ.

ಬಾಗಿಲಿಗೆ ಒತ್ತಾಗಿ ಇಟ್ಟಿದ್ದ ಕಲ್ಲು

ಇಷ್ಟೊಂದು ರಂಜಕ ಎಲ್ಲಿಂದ ಬಂತು? ಈ ಭಾಗ ನಿಧಾನಕ್ಕೆ ಕೇಳಿ.

ಸಿಡ್ನಿಯಲ್ಲಿ ಪೆಸಿಫಿಕ್ ಐಲ್ಯಾಂಡ್ಸ್ ಕಂಪನಿಯ ಆಫೀಸಿನಲ್ಲಿ ಬಾಗಿಲು ಹಾಕಿಕೊಳ್ಳದ ಹಾಗೆ ಒತ್ತಾಗಿ ಒಂದು ಕಲ್ಲು ಇಟ್ಟಿದ್ದರು. ನೌರು ಅನ್ನೋ ಪುಟ್ಟ ದ್ವೀಪದಿಂದ ಯಾರೋ ತಂದ ಕಲ್ಲು. ಆಲ್ಬರ್ಟ್ ಎಲ್ಲಿಸ್ ಅನ್ನೋ ನೌಕರನಿಗೆ ಅದರ ಮೇಲೆ ಅನುಮಾನ ಬಂತು. 1899ರಲ್ಲಿ ಪರೀಕ್ಷೆ ಮಾಡಿಸಿದರೆ, ಉತ್ತಮ ದರ್ಜೆಯ ಫಾಸ್ಫೇಟ್! ಪಕ್ಕದ ಬನಾಬಾ ದ್ವೀಪದಲ್ಲಿ 1900ರಲ್ಲೇ ಗಣಿಗಾರಿಕೆ ಶುರುವಾಯ್ತು, ಕೆಲವು ವರ್ಷಗಳಲ್ಲಿ ನೌರುವಿನಲ್ಲೂ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮೂರೂ ಸೇರಿ ಒಪ್ಪಂದ ಮಾಡಿಕೊಂಡು ನೌರುವಿನ ಫಾಸ್ಫೇಟನ್ನು ತಮ್ಮೊಳಗೆ ಹಂಚಿಕೊಂಡವು. ಆಸ್ಟ್ರೇಲಿಯಾದ ರೈತನಿಗೆ ಗೊಬ್ಬರ ಅಗ್ಗದಲ್ಲಿ ಸಿಗೋಕೆ ಶುರುವಾಯ್ತು.

ನೌರು ಎಷ್ಟು ದೊಡ್ಡದು ಗೊತ್ತಾ? 21 ಚದರ ಕಿಲೋಮೀಟರ್. ಬೈಕಿನಲ್ಲಿ ಒಂದು ಗಂಟೆ ಒಳಗೆ ಸುತ್ತು ಹಾಕಬಹುದು. ಅದರ ಒಳನಾಡನ್ನೆಲ್ಲ ಕೆರೆದು ತೆಗೆದರು. ಉಳಿದದ್ದು ಚೂಪು ಸುಣ್ಣಕಲ್ಲಿನ ಕಂಬಗಳು, ಬೆಳೆಯೂ ಬರಲ್ಲ, ಮನೆಯೂ ಕಟ್ಟೋಕಾಗಲ್ಲ. ಬನಾಬಾದ ಜನರನ್ನ 1945ರಲ್ಲಿ ಫಿಜಿಯ ರಾಬಿ ದ್ವೀಪಕ್ಕೆ ಸಾಗಿಸಿದರು. 1968ರಲ್ಲಿ ಸ್ವತಂತ್ರವಾದ ನೌರು, 1989ರಲ್ಲಿ ಆಸ್ಟ್ರೇಲಿಯಾವನ್ನೇ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಎಳೆಯಿತು. 1993ರಲ್ಲಿ ಆಸ್ಟ್ರೇಲಿಯಾ ಪರಿಹಾರ ಕೊಡೋಕೆ ಒಪ್ಪಿ, ಕೋರ್ಟಿನ ಹೊರಗೆ ರಾಜಿಯಾಯ್ತು.

ಕಾಮರ್ಸ್ ಓದಿದವರಿಗೆ ಇದು ಅರ್ಥ ಆಗುತ್ತೆ. ಯಾವ ವಸ್ತುವಿನ ನಿಜವಾದ ಖರ್ಚನ್ನ ಬೇರೆ ಯಾರೋ ಕಟ್ಟುತ್ತಾರೋ, ಆ ವಸ್ತುವನ್ನ ನಾವು ಅಳೆದು ಹಾಕಲ್ಲ. ಮೇಲಿಂದ ಸರಕಾರವೂ ಕೈ ಹಿಡಿಯಿತು: 1963ರಿಂದ ಸೂಪರ್‌ಫಾಸ್ಫೇಟಿಗೆ ಸಬ್ಸಿಡಿ. 1974ರ ಕೊನೆಗೆ ಗಾಫ್ ವಿಟ್ಲಮ್ ಸರಕಾರ ಅದನ್ನ ನಿಲ್ಲಿಸಿದಾಗ ದೊಡ್ಡ ಗಲಾಟೆಯೇ ಆಯ್ತು. ಅದೇ 1960ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾ ವರ್ಷಕ್ಕೆ ಹತ್ತು ಲಕ್ಷ ಎಕರೆ ಹೊಸ ಜಮೀನು ತೆರೆಯೋ ಭರಾಟೆಯಲ್ಲಿತ್ತು. ಮರಳು ನೆಲದಲ್ಲಿ ತಾಮ್ರ, ಸತುವಿನ ಕೊರತೆ ಇದೆ ಅನ್ನೋದೂ ಅಷ್ಟೊತ್ತಿಗೆ ಗೊತ್ತಾಗಿತ್ತು. ಹೆಕ್ಟೇರಿಗೆ ಕೆಲವೇ ಕಿಲೋ ಹಾಕಿದರೆ ಬಂಜರು ಅನ್ನಿಸಿದ್ದ ನೆಲದಲ್ಲೂ ಬೆಳೆ ಬಂತು. ಇಂಥ ಪವಾಡ ಕಂಡ ಮೇಲೆ "ಈ ಮೂಲೆಗೆ ಎಷ್ಟು, ಆ ಮೂಲೆಗೆ ಎಷ್ಟು" ಅಂತ ಯಾರು ಕೇಳ್ತಾರೆ?

ವಿಜ್ಞಾನಿಗಳು ಇದನ್ನ "ದೋಷ" ಅಂದರು

ಹಾಗಾದರೆ ವಿಜ್ಞಾನಕ್ಕೆ ಹೊಲದೊಳಗಿನ ವ್ಯತ್ಯಾಸ ಗೊತ್ತಿರಲಿಲ್ವಾ? ಚೆನ್ನಾಗಿಯೇ ಗೊತ್ತಿತ್ತು.

ಇಂಗ್ಲೆಂಡಿನ ರೋದಮ್‌ಸ್ಟೆಡ್. ಅದೇ ಲಾಸ್ ಕಟ್ಟಿದ ಸಂಶೋಧನಾ ಕೇಂದ್ರ. ಅಲ್ಲಿ ಮರ್ಸರ್ ಮತ್ತು ಹಾಲ್ ಅನ್ನೋ ಇಬ್ಬರು ಒಂದು ತಮಾಷೆಯ ಕೆಲಸ ಮಾಡಿದರು. ಒಂದೇ ಎಕರೆ ಗೋಧಿ. ಒಂದೇ ಬೀಜ, ಒಂದೇ ಉಳುಮೆ, ಎಲ್ಲ ಸಮ. ಕಟಾವಿನ ಹೊತ್ತಿಗೆ ಅದನ್ನ 500 ತುಂಡು ಮಾಡಿ, ಒಂದೊಂದು ತುಂಡಿನ ಕಾಳನ್ನೂ ಬೇರೆ ಬೇರೆ ತೂಗಿದರು. 1911ರಲ್ಲಿ ಫಲಿತಾಂಶ ಪ್ರಕಟಿಸಿದರು. ಅತಿ ಕಡಿಮೆ ಬಂದ ತುಂಡಿನಲ್ಲಿ 2.73 ಪೌಂಡ್ ಕಾಳು, ಅತಿ ಹೆಚ್ಚು ಬಂದದ್ದರಲ್ಲಿ 5.16 ಪೌಂಡ್. ಹತ್ತಿರ ಹತ್ತಿರ ಎರಡು ಪಟ್ಟು! ಒಂದೇ ಎಕರೆಯೊಳಗೆ!

ಆದರೆ ಅವರಿಗೆ ಬೇಕಿದ್ದದ್ದು ಬೇರೆ. ಯಾವ ತಳಿ ಒಳ್ಳೇದು, ಯಾವ ಗೊಬ್ಬರ ಒಳ್ಳೇದು ಅಂತ ಹೋಲಿಸಬೇಕಿತ್ತು. ಮಣ್ಣಿನ ಈ ವ್ಯತ್ಯಾಸ ಆ ಹೋಲಿಕೆಗೆ ಅಡ್ಡ ಬರ್ತಿತ್ತು. ಹಾಗಾಗಿ ಅವರು ಅದಕ್ಕೆ ಪ್ರಯೋಗದ ದೋಷ ಅಂತ ಹೆಸರಿಟ್ಟರು. 1919ರಲ್ಲಿ ಅಲ್ಲಿಗೇ ಬಂದ ರೊನಾಲ್ಡ್ ಫಿಶರ್ ಈ ದೋಷವನ್ನ ಲೆಕ್ಕದಿಂದ ಹೊರಗಿಡೋ ವಿಧಾನಗಳನ್ನ ಕಟ್ಟಿದರು. ನೀವು ಡಿಗ್ರಿಯಲ್ಲಿ ಓದಿದ ಸ್ಟ್ಯಾಟಿಸ್ಟಿಕ್ಸ್‌ನ ಎಷ್ಟೋ ಪಾಠಗಳ ಬೇರು ಇಲ್ಲಿದೆ. ಬಹಳ ದೊಡ್ಡ ಸಾಧನೆ, ಅನುಮಾನವೇ ಇಲ್ಲ. ಆದರೆ ಆ ಸಾಧನೆಯಿಂದ ರೈತನ ಕೈಗೆ ಬಂದದ್ದು ಒಂದೇ ಸಂಖ್ಯೆ: ಹೆಕ್ಟೇರಿಗೆ ಇಷ್ಟು ಕಿಲೋ. ಯಾವ ವ್ಯತ್ಯಾಸ ರೈತನ ನಿತ್ಯದ ಬದುಕೋ, ಅದನ್ನ ಶಿಫಾರಸಿನಿಂದ ಅಳಿಸಿ ಹಾಕಿ ಆ ಸಂಖ್ಯೆ ಬಂದಿತ್ತು.

ಬೇರೆ ದಾರಿ ಹೇಳಿದವರೂ ಇದ್ದರು. 1929ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಲಿನ್ಸ್ಲಿ ಮತ್ತು ಬಾವರ್ ಒಂದು ಸಣ್ಣ ಕರಪತ್ರ ತಂದರು. ಹೊಲದಲ್ಲಿ ಚೌಕುಳಿ ಹಾಕಿ ಮಣ್ಣು ತೆಗೀರಿ, ಹುಳಿ ಎಲ್ಲಿ ಹೆಚ್ಚು ಅಂತ ನಕ್ಷೆ ಬರೀರಿ, ಸುಣ್ಣ ಅಲ್ಲಲ್ಲಿಗೆ ಬೇಕಾದಷ್ಟೇ ಹಾಕಿ. ಇವತ್ತಿನ ವೇರಿಯಬಲ್ ರೇಟ್ ಅಂದರೆ ಇದೇ. ಆದರೆ ಟ್ರ್ಯಾಕ್ಟರ್ ದೊಡ್ಡದಾಗ್ತಾ ಹೋಯ್ತು, ಗೊಬ್ಬರ ಅಗ್ಗ ಆಗ್ತಾ ಹೋಯ್ತು, ನಕ್ಷೆ ಹಿಡಿದು ನಿಂತು ನಿಂತು ಹಾಕೋಕೆ ಯಾರಿಗೆ ಪುರುಸೊತ್ತು?

ಆಕಾಶದಿಂದ ಬಂದ ವಿಳಾಸ

ನಕ್ಷೆ ಇದ್ದರೆ ಸಾಲದು, ಟ್ರ್ಯಾಕ್ಟರಿಗೆ ತಾನು ನಕ್ಷೆಯ ಮೇಲೆ ಎಲ್ಲಿದ್ದೀನಿ ಅಂತ ಗೊತ್ತಾಗಬೇಕು. ಅದಕ್ಕೆ ಜಿಪಿಎಸ್ ಬರಬೇಕಾಯ್ತು. ಅಮೆರಿಕದ ಸೇನೆ 1978ರಲ್ಲಿ ಮೊದಲ ಜಿಪಿಎಸ್ ಉಪಗ್ರಹ ಹಾರಿಸಿತು, 1995ಕ್ಕೆ ಇಡೀ ವ್ಯವಸ್ಥೆ ಪೂರ್ತಿ ಸಿದ್ಧವಾಯ್ತು. ಆದರೆ ಜನಸಾಮಾನ್ಯರ ರಿಸೀವರ್‌ಗಳಿಗೆ ಬರೋ ಸಂಕೇತವನ್ನ ಬೇಕಂತಲೇ ಮಸುಕು ಮಾಡಿಟ್ಟಿದ್ದರು, ನೂರು ಮೀಟರ್‌ವರೆಗೆ ತಪ್ಪು ಇರಬಹುದಿತ್ತು. ರೈತರು ಪ್ರತ್ಯೇಕ ತಿದ್ದುಪಡಿ ಸಂಕೇತಕ್ಕೆ ದುಡ್ಡು ಕೊಡಬೇಕಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಬಿಲ್ ಕ್ಲಿಂಟನ್ ಸರಕಾರ ಆ ಮಸುಕನ್ನ ತೆಗೆದುಹಾಕಿತು. ನೀವು ಇವತ್ತು ಆಟೋ ಬುಕ್ ಮಾಡೋಕೆ ಬಳಸೋ ನೀಲಿ ಚುಕ್ಕೆ ಇದೆಯಲ್ಲ, ಅದರ ಹಿಂದೆ ಈ ನಿರ್ಧಾರ ಇದೆ.

ಅಷ್ಟರಲ್ಲಿ ಇನ್ನೊಂದು ಯಂತ್ರ ಬಂದಿತ್ತು: ಕಟಾವು ಯಂತ್ರದೊಳಗೆ ಕಾಳಿನ ಹರಿವನ್ನ ಅಳೆಯೋ ಮೀಟರ್. 1990ರ ದಶಕದಲ್ಲಿ ಇದು ಹರಡಿತು. ಜಿಪಿಎಸ್ ಜೊತೆ ಸೇರಿಸಿದರೆ ಹೊಲದ ಯಾವ ಜಾಗದಲ್ಲಿ ಎಷ್ಟು ಬೆಳೆ ಬಂತು ಅನ್ನೋ ಬಣ್ಣದ ನಕ್ಷೆ ಸಿಗುತ್ತೆ. 1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಇದಕ್ಕೇ ಒಂದು ಕೇಂದ್ರ ಶುರುವಾಯ್ತು. ಮಣ್ಣಿನ ಮೇಲೆ ಎಳೆದುಕೊಂಡು ಹೋದರೆ ಅದರ ವಿದ್ಯುತ್ ವಾಹಕತೆ ಅಳೆದು ಉಪ್ಪೋ ಜಿಗುಟೋ ಹೇಳೋ ಉಪಕರಣ, ಮಣ್ಣಿನಿಂದ ಸಹಜವಾಗಿ ಹೊಮ್ಮೋ ಗಾಮಾ ಕಿರಣ ನೋಡಿ ಮರಳೋ ಗರಸೋ ಅಂದಾಜು ಮಾಡೋ ಉಪಕರಣ, ಎಲ್ಲ ಬಂದವು. ಬಿತ್ತನೆ ಯಂತ್ರದಲ್ಲಿ ಗೊಬ್ಬರ ಉದುರಿಸೋ ರೋಲರ್‌ಗೆ ಪ್ರತ್ಯೇಕ ಮೋಟರ್ ಕೂರಿಸಿದರು. ಕ್ಯಾಬಿನ್ನಿನ ಪರದೆ ನಕ್ಷೆ ನೋಡುತ್ತೆ, ಟ್ರ್ಯಾಕ್ಟರ್ ಮರಳಿಗೆ ಬಂದ ಕೂಡಲೇ ಮೋಟರ್ ನಿಧಾನ, ಒಳ್ಳೆ ಮಣ್ಣಿಗೆ ಬಂದರೆ ಜೋರು.

ಕಾಕಾನ ಮುಷ್ಟಿ, ಉಪಗ್ರಹದ ಮೂಲಕ ವಾಪಸ್ ಬಂತು.

ಮೊದಲ ಲಾಭ ರಂಜಕದಲ್ಲೇ ಕಾಣಿಸಿತು. ಇದನ್ನ ಬ್ಯಾಂಕ್ ಖಾತೆ ಅಂದುಕೊಳ್ಳಿ. ಒಂದು ಟನ್ ಗೋಧಿ ಹೊಲದಿಂದ ಹೊರಗೆ ಹೋದರೆ ಸುಮಾರು 3 ಕಿಲೋ ರಂಜಕ ಹೋಗುತ್ತೆ, ಅದು ವಿತ್‌ಡ್ರಾವಲ್. ವರ್ಷಾ ವರ್ಷ ಹಾಕೋ ಸೂಪರ್ ಡೆಪಾಸಿಟ್. ಎಲ್ಲ ಕಡೆ ಡೆಪಾಸಿಟ್ ಸಮ, ಆದರೆ ವಿತ್‌ಡ್ರಾವಲ್ ಸಮ ಇಲ್ಲ. ದಶಕಗಟ್ಟಲೆ ಹೀಗೇ ನಡೆದರೆ ಏನಾಗುತ್ತೆ? ಬೆಳೆ ಕಡಿಮೆ ಬರೋ ಜಾಗದಲ್ಲಿ ಬ್ಯಾಲೆನ್ಸ್ ಗುಡ್ಡೆಯಾಗುತ್ತೆ, ಚೆನ್ನಾಗಿ ಬರೋ ಜಾಗ ತೆಳ್ಳಗಾಗುತ್ತೆ. ದುಡಿಯೋ ಮಗನಿಗೆ ಊಟ ಕಡಿಮೆ, ಕೂತವನಿಗೆ ಹೊಟ್ಟೆ ತುಂಬ. ಇಳುವರಿ ನಕ್ಷೆ ಬಂದ ಮೇಲೆ ರೈತನಿಗೆ ಮೊದಲ ಸಲ ಪಾಸ್‌ಬುಕ್ ಸಿಕ್ಕಿತು.

ಆದರೆ ಮಳೆ?

ಇಲ್ಲಿಗೆ ಕಥೆ ಸುಖಾಂತ್ಯ ಅಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ನಿಜವಾದ ವಾದ ಶುರುವಾಗೋದು ಇಲ್ಲಿಂದ, ಸಾರಜನಕದಿಂದ. ಅಂದರೆ ಯೂರಿಯಾದಿಂದ.

ಆಸ್ಟ್ರೇಲಿಯಾದಲ್ಲಿ ಒಂದು ಅಂದಾಜು ಸೂತ್ರ ಇದೆ. ಒಂದು ಟನ್ ಗೋಧಿ ಬೆಳೆಯೋಕೆ, ಮಣ್ಣಲ್ಲಿ ಇರೋದೂ ಸೇರಿ, ಹೆಕ್ಟೇರಿಗೆ 40 ಕಿಲೋ ಸಾರಜನಕ ಬೇಕು. ನಾನೊಂದು ಉದಾಹರಣೆ ಕಟ್ಟುತ್ತೀನಿ. ನೂರು ಹೆಕ್ಟೇರ್ ಪ್ಯಾಡಕ್. ಅರ್ಧ ಒಳ್ಳೆ ಮಣ್ಣು, 3.5 ಟನ್ ಬರಬಹುದು. ಇನ್ನರ್ಧ ಮರಳು, 1.5 ಟನ್. ಸರಾಸರಿ 2.5 ಟನ್, ಹಾಗಾಗಿ ಎಲ್ಲ ಕಡೆ 100 ಕಿಲೋ. ಆದರೆ ಒಳ್ಳೆ ಅರ್ಧಕ್ಕೆ ಬೇಕಿದ್ದದ್ದು 140, ಮರಳಿಗೆ 60. ಒಂದಕ್ಕೆ 40 ಕಮ್ಮಿ, ಇನ್ನೊಂದಕ್ಕೆ 40 ಜಾಸ್ತಿ. ಒಟ್ಟು ಲೆಕ್ಕ ಹಾಕಿ: ಎರಡೂ ರೀತಿಯಲ್ಲಿ ಹತ್ತು ಸಾವಿರ ಕಿಲೋ. ಖರ್ಚು ಒಂದೇ. ಬರೀ ಜಾಗ ಬದಲು. ಅಡಿಟರ್ ಬಂದು ನೋಡಿದರೂ ತಪ್ಪು ಕಾಣಲ್ಲ, ಯಾಕೆಂದರೆ ಮೊತ್ತ ಸರಿ ಇದೆ.

ಮರಳಿನಲ್ಲಿ ಹೆಚ್ಚಾದ ಸಾರಜನಕ ಬರೀ ದಂಡ ಆಗಿದ್ದರೆ ಪರವಾಗಿರಲಿಲ್ಲ. ಒಂದಷ್ಟು ಮಳೆಗೆ ಕೆಳಗಿಳಿದು ಹೋಗುತ್ತೆ. ಉಳಿದದ್ದರಿಂದ ಗಿಡ ಮೊದಲೇ ಮೈತುಂಬ ಎಲೆ ಬಿಟ್ಟು, ಮಣ್ಣಿನ ತೇವವನ್ನೆಲ್ಲ ಬೇಗ ಕುಡಿದು ಮುಗಿಸುತ್ತೆ. ಕಾಳು ತುಂಬೋ ಹೊತ್ತಿಗೆ ನೀರಿಲ್ಲ. ಹೊಲ ಹುಲ್ಲಿನ ಬಣ್ಣಕ್ಕೆ ತಿರುಗುತ್ತೆ, ಕಾಳು ಜೊಳ್ಳು. ಅಲ್ಲಿನವರು ಇದಕ್ಕೆ ಹೇಯಿಂಗ್ ಆಫ್ ಅಂತಾರೆ. ಗೊಬ್ಬರ ಕೊಂಡು ನಷ್ಟ ಕೊಂಡ ಹಾಗೆ.

ಹಾಗಾದರೆ ನಕ್ಷೆ ನೋಡಿ ಹಾಕಿದರಾಯ್ತಲ್ಲ? ತಾಳಿ. 1984ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಫ್ರೆಂಚ್ ಮತ್ತು ಶುಲ್ಟ್ಸ್ ಅನ್ನೋ ವಿಜ್ಞಾನಿಗಳು ಒಂದು ಸರಳ ಲೆಕ್ಕ ಕೊಟ್ಟರು. ಬೆಳೆಯ ಕಾಲದ ಮಳೆಯಲ್ಲಿ 110 ಮಿಲಿಮೀಟರ್ ಕಳೀರಿ, ಅದು ಆವಿಯಾಗಿ ಹೋಗೋ ಪಾಲು. ಉಳಿದ ಪ್ರತಿ ಮಿಲಿಮೀಟರಿಗೆ ಹೆಚ್ಚೆಂದರೆ 20 ಕಿಲೋ ಗೋಧಿ. ಮಳೆ 300 ಮಿಲಿಮೀಟರ್ ಆದರೆ ಹೆಕ್ಟೇರಿಗೆ 3.8 ಟನ್. 200 ಆದರೆ ಬರೀ 1.8 ಟನ್. ಮಣ್ಣು ಅದೇ, ರೈತ ಅವನೇ, ವರ್ಷ ಬೇರೆ.

ಈಗ ಎರಡನ್ನೂ ಪಕ್ಕ ಪಕ್ಕ ಇಡಿ. ಹೊಲದೊಳಗೆ ಜಾಗದಿಂದ ಜಾಗಕ್ಕೆ ಎರಡು ಪಟ್ಟು ವ್ಯತ್ಯಾಸ. ವರ್ಷದಿಂದ ವರ್ಷಕ್ಕೂ ಎರಡು ಪಟ್ಟು ವ್ಯತ್ಯಾಸ. ಜಾಗದ ನಕ್ಷೆ ನನ್ನ ಹತ್ತಿರ ಇದೆ. ಬರೋ ಮಳೆಯ ನಕ್ಷೆ ಯಾರ ಹತ್ತಿರ ಇದೆ?

ಈ ಪ್ರಶ್ನೆಯನ್ನ ಎತ್ತಿದವರು ಹೊರಗಿನ ಟೀಕಾಕಾರರಲ್ಲ. ಆ ಸಿಡ್ನಿ ಕೇಂದ್ರದವರೇ ಆದ ಬ್ರೆಟ್ ವೀಲನ್ ಮತ್ತು ಅಲೆಕ್ಸ್ ಮ್ಯಾಕ್‌ಬ್ರಾಟ್ನಿ. 2000ದಲ್ಲಿ ಅವರು ಬರೆದದ್ದರ ಸಾರ ಇಷ್ಟು: ಹೊಲದೊಳಗಿನ ವ್ಯತ್ಯಾಸಕ್ಕಿಂತ ವರ್ಷಗಳ ನಡುವಿನ ವ್ಯತ್ಯಾಸವೇ ದೊಡ್ಡದಾಗಿದ್ದರೆ, ಎಲ್ಲ ಕಡೆ ಸಮ ಹಾಕೋದೇ ಸುರಕ್ಷಿತ ದಾರಿ. ಹಾಗಲ್ಲ ಅಂತ ಹೇಳೋರು ಮೊದಲು ಸಾಬೀತು ಮಾಡಬೇಕು. ತಮ್ಮದೇ ಕ್ಷೇತ್ರದ ಎದುರು ಇಷ್ಟು ಪ್ರಾಮಾಣಿಕವಾಗಿ ಅಡ್ಡಗಟ್ಟೆ ಹಾಕಿದ ವಿಜ್ಞಾನಿಗಳನ್ನ ಕಂಡರೆ ನನಗೆ ಗೌರವ.

ಇನ್ನೊಂದು ಏಟು ಅರ್ಥಶಾಸ್ತ್ರದಿಂದ ಬಂತು. ಪಶ್ಚಿಮ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾನೆಲ್ 2006ರಲ್ಲಿ ನೆನಪಿಸಿದ ವಿಷಯ ಇದು. ಗೊಬ್ಬರ ಮತ್ತು ಲಾಭದ ಗ್ರಾಫ್ ಬರೆದರೆ ಅದು ಚೂಪು ಶಿಖರ ಅಲ್ಲ, ಚಪ್ಪಟೆ ದಿಬ್ಬ. ದಿಬ್ಬದ ತುದಿಯ ಹತ್ತಿರ ಎಲ್ಲಿ ನಿಂತರೂ ಹೆಚ್ಚು ಕಡಿಮೆ ಅಷ್ಟೇ ಎತ್ತರ. ಅಂದರೆ ಸ್ವಲ್ಪ ಹೆಚ್ಚು ಕಡಿಮೆ ಹಾಕಿದರೆ ನಷ್ಟ ದೊಡ್ಡದಲ್ಲ, ಕರಾರುವಾಕ್ಕಾಗಿ ಹಾಕಿದರೆ ಲಾಭವೂ ದೊಡ್ಡದಲ್ಲ. ಆಸ್ಟ್ರೇಲಿಯಾದ ಸರಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ ನಿಜವಾದ ಗೋಧಿ ರೈತರ ಲೆಕ್ಕಪುಸ್ತಕ ಹಿಡಿದು ನೋಡಿದಾಗ, ವೇರಿಯಬಲ್ ರೇಟ್‌ನಿಂದ ಸಿಕ್ಕ ಲಾಭ ಹೆಕ್ಟೇರಿಗೆ 1 ಡಾಲರ್‌ನಿಂದ 22 ಡಾಲರ್‌ವರೆಗೆ ಇತ್ತು. ಮಣ್ಣು ಹೆಚ್ಚು ಕಡಿಮೆ ಒಂದೇ ಥರ ಇದ್ದರೆ ಚಹಾ ಖರ್ಚು. ಮರಳೂ ಜಿಗುಟೂ ಒಂದೇ ಬೇಲಿಯಲ್ಲಿದ್ದರೆ, ಅದೂ ಸಾವಿರಾರು ಹೆಕ್ಟೇರ್ ಇದ್ದರೆ, ಮಕ್ಕಳ ಹಾಸ್ಟೆಲ್ ಫೀಸು.

ಹಾಗಾಗಿಯೇ ಟ್ರ್ಯಾಕ್ಟರ್ ತಾನೇ ನೇರ ಸಾಲು ಹಿಡಿದು ಓಡೋ ತಂತ್ರಜ್ಞಾನವನ್ನ ಅಲ್ಲಿನ ರೈತರು ಬೇಗ ಅಪ್ಪಿಕೊಂಡರು. ಲಾಭ ಮೊದಲ ದಿನವೇ ಕಾಣುತ್ತೆ. ವೇರಿಯಬಲ್ ರೇಟ್ ನಿಧಾನಕ್ಕೆ ನಡೆಯಿತು. 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅದನ್ನ ಯಾವುದಾದರೊಂದು ರೂಪದಲ್ಲಿ ಬಳಸ್ತಿದ್ದ ಧಾನ್ಯ ರೈತರು ಸುಮಾರು ನೂರಕ್ಕೆ ಇಪ್ಪತ್ತು. ಯಂತ್ರ ಇದ್ದೂ ಬಟನ್ ಒತ್ತದವರು ಬಹಳ. ಸೋಮಾರಿತನ ಅಲ್ಲ ಅದು. ನಕ್ಷೆ "ಎಲ್ಲಿ ಕಡಿಮೆ ಬಂತು" ಅಂತ ಹೇಳ್ತಿತ್ತು. "ಯಾಕೆ" ಅಂತ ಹೇಳ್ತಿರಲಿಲ್ಲ.

ಯಾಕೆ ಅನ್ನೋದೇ ಗೊಬ್ಬರ

ಈ ಇಡೀ ಇತಿಹಾಸದಲ್ಲಿ ನನಗೆ ಸಿಕ್ಕ ಒಂದೇ ಒಂದು ಮಾತು ಇದು. ಒಂದು ಜಾಗದಲ್ಲಿ ಬೆಳೆ ಕಡಿಮೆ ಬಂದರೆ ಅಲ್ಲಿಗೆ ಗೊಬ್ಬರ ಹೆಚ್ಚು ಹಾಕಬೇಕಾ, ಕಡಿಮೆ ಹಾಕಬೇಕಾ? ಪೋಷಕಾಂಶ ಇಲ್ಲದೆ ಕಡಿಮೆ ಬಂದಿದ್ದರೆ ಹೆಚ್ಚು. ನೀರು ನಿಲ್ಲದೆಯೋ ಉಪ್ಪಿನಿಂದಲೋ ಕಡಿಮೆ ಬಂದಿದ್ದರೆ ಕಡಿಮೆ. ಎರಡಕ್ಕೂ ನಕ್ಷೆಯಲ್ಲಿ ಒಂದೇ ಕೆಂಪು ಬಣ್ಣ. ಉತ್ತರ ಮಾತ್ರ ಪೂರ್ತಿ ಉಲ್ಟಾ. ಕಾರಣ ಗೊತ್ತಿಲ್ಲದೆ ಬದಲಾಯಿಸಿದರೆ ಸರಾಸರಿಗಿಂತಲೂ ಕೆಟ್ಟದ್ದು.

ಅದನ್ನ ಅರ್ಥ ಮಾಡಿಕೊಂಡ ರೈತರು ಸರಳ ದಾರಿ ಹಿಡಿದರು. ನೂರು ಚೌಕುಳಿ ಬೇಡ, ಎರಡು ಮೂರು ವಲಯ ಸಾಕು. ಪ್ರತಿ ವಲಯದಲ್ಲಿ ಗುಂಡಿ ತೋಡಿ ಬೇರು ಎಲ್ಲಿವರೆಗೆ ಹೋಗಿದೆ ನೋಡು. ಒಂದೆರಡು ಪಟ್ಟಿಗೆ ಬೇಕಂತಲೇ ಹೆಚ್ಚು ಸಾರಜನಕ ಹಾಕಿ ಬಿಡು, ಪಕ್ಕದ ಬೆಳೆಗಿಂತ ಅದು ಹಸಿರಾಗಿದ್ದರೆ ಉಳಿದದ್ದು ಹಸಿದಿದೆ ಅಂತ. ಬಿತ್ತುವಾಗ ಸ್ವಲ್ಪವೇ ಹಾಕು, ಚಳಿಗಾಲದ ಮಳೆ ಹೇಗೆ ಬಂತು ನೋಡಿ ಉಳಿದದ್ದನ್ನ ಮೇಲುಗೊಬ್ಬರವಾಗಿ ಕೊಡು. ಮಳೆ ಕೈಕೊಟ್ಟರೆ ಕೊಡಲೇಬೇಡ. ಜಾಗದ ಜೊತೆ ಸಮಯವನ್ನೂ ಬದಲಾಯಿಸೋದು. ವೀಲನ್, ಮ್ಯಾಕ್‌ಬ್ರಾಟ್ನಿ ಎತ್ತಿದ ಪ್ರಶ್ನೆಗೆ ರೈತರು ಕೊಟ್ಟ ಉತ್ತರ ಅದು.

2022ರಲ್ಲಿ ರಷ್ಯಾ ಉಕ್ರೇನ್ ಯುದ್ಧದ ಹೊತ್ತಿಗೆ ಯೂರಿಯಾ ಬೆಲೆ ಟನ್ನಿಗೆ 900 ಡಾಲರ್ ದಾಟಿತು. ಅದೇ ವರ್ಷದ ಕೊನೆಗೆ ಆಸ್ಟ್ರೇಲಿಯಾದ ಯೂರಿಯಾ ಕಾರ್ಖಾನೆ, ಬ್ರಿಸ್ಬೇನ್‌ನ ಗಿಬ್ಸನ್ ಐಲ್ಯಾಂಡ್‌ನದ್ದು, ಬಾಗಿಲು ಮುಚ್ಚಿತು. ನೌರುವಿನ ಕಾಲ ಮುಗಿದಿತ್ತು. ಗೊಬ್ಬರದ ಖರ್ಚನ್ನ ಈಗ ರೈತನೇ ಕಟ್ಟಬೇಕು. ದುಡ್ಡು ನಮ್ಮ ಜೇಬಿನಿಂದ ಹೋಗೋಕೆ ಶುರುವಾದಾಗಲೇ ನಾವು ಅಳೆಯೋಕೆ ಶುರು ಮಾಡೋದು, ಅಲ್ವಾ?

ನಮ್ಮಲ್ಲಿ ಹೇಗೆ? ಯೂರಿಯಾ 45 ಕಿಲೋ ಚೀಲ 266 ರೂಪಾಯಿ ಚಿಲ್ಲರೆ. ನಿಜವಾದ ಬೆಲೆಯ ದೊಡ್ಡ ಪಾಲು ಸರಕಾರ ಕಟ್ಟುತ್ತೆ. ಸಣ್ಣ ರೈತನಿಗೆ ಅದು ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅಗ್ಗದ ಚೀಲ "ಎಕರೆಗೊಂದು" ಅನ್ನೋ ಅಭ್ಯಾಸ ಕಲಿಸುತ್ತೆ, ಸೂಪರ್ ಕಲಿಸಿದ ಹಾಗೇ. 2009ರಲ್ಲಿ ಕರ್ನಾಟಕ ಸರಕಾರ ಇಕ್ರಿಸ್ಯಾಟ್ ಜೊತೆ ಸೇರಿ ಭೂಚೇತನ ಯೋಜನೆ ತಂದಾಗ, ಮಣ್ಣು ಪರೀಕ್ಷೆ ಮಾಡಿಸಿ ಸತು, ಬೋರಾನ್, ಗಂಧಕದ ಶಿಫಾರಸನ್ನ ತಾಲ್ಲೂಕಿಂದ ತಾಲ್ಲೂಕಿಗೆ ಬದಲಾಯಿಸಿದರು. ದೊಡ್ಡ ಹೆಜ್ಜೆ ಅದು. ಆದರೆ ತಾಲ್ಲೂಕಿನಿಂದ ಕಾಕಾನ ಸವಳು ಮೂಲೆಗೆ ಇನ್ನೂ ದೂರ ಇದೆ. ಆ ದೂರವನ್ನ ಉಪಗ್ರಹ ಒಂದೇ ದಾಟಿಸಲ್ಲ. ನಾಲ್ಕು ಎಕರೆಗೆ ಮೋಟರ್ ಕೂರಿಸಿದ ಕೂರಿಗೆ ಬೇಕಾಗೂ ಇಲ್ಲ. ಮೂಲೆ ಮೂಲೆ ಗೊತ್ತಿರೋ ಒಬ್ಬ ಮನುಷ್ಯ ಸಾಕು. ಅವರು ಇರೋತನಕ.

ಈ ಸಂಚಿಕೆ ತಯಾರು ಮಾಡುವಾಗ ಕಾಕಾಗೆ ಫೋನ್ ಮಾಡಿದೆ. ಈಗ ಎಪ್ಪತ್ತರ ಹತ್ತಿರ, ಮೊಣಕಾಲು ನೋವು, ಗೊಬ್ಬರ ಎರಚೋಕೆ ಆಳು ಕರೀತಾರೆ. ಆಳುಗಳು ಎಲ್ಲ ಕಡೆ ಸಮ ಎರಚಿ ಹೋಗ್ತಾರಂತೆ. ಆಸ್ಟ್ರೇಲಿಯಾದ ಕಥೆ ಪೂರ್ತಿ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಮತ್ತ ಅವ್ರಿಗೆ ಆ ಮೂಲಿ ಯಾಕ ಬರಂಗಿಲ್ಲ ಅಂತ ಗೊತ್ತಾತೇನು?" ಅಂದರು. ಅವರು ಕೇಳಿದ್ದು ಅದೊಂದೇ.

ಮುಂದಿನ ತಿಂಗಳು ಊರಿಗೆ ಹೋಗ್ತಿದ್ದೀನಿ. ಈ ಸಲ ಎಕ್ಸೆಲ್ ಶೀಟ್ ಖಾಲಿ ಇಟ್ಟುಕೊಂಡು ಹೋಗ್ತೀನಿ. ಕಾಕಾ ಮುಂದೆ ನಡೀತಾರೆ, ಯಾವ ಜಾಗ ಏನು ಅಂತ ಹೇಳ್ತಾರೆ, ನಾನು ಬರ್ಕೊಳ್ತೀನಿ. ನಿಮ್ಮನೇಲೂ ಹೊಲ ಇದ್ದು, ಅದರ ಮೂಲೆಗಳು ಗೊತ್ತಿರೋ ಹಿರಿಯರು ಇದ್ದರೆ, ಒಂದು ದಿನ ಅವರ ಹಿಂದೆ ನಡೆದು ಬನ್ನಿ. ಫೋನ್ ಜೇಬಲ್ಲಿ ಹೇಗೂ ಇರುತ್ತೆ, ರೆಕಾರ್ಡ್ ಬಟನ್ ಒತ್ತಿ ಸಾಕು.

ಮುಂದಿನ ವಾರ ಇನ್ನೊಂದು ಲೆಕ್ಕದ ಕಥೆಯೊಂದಿಗೆ ಸಿಗ್ತೀನಿ.